ಬರೆದ ಡೋಸ್, ತಲುಪಿದ ಡೋಸ್

ಬೈಂದೂರಿನ ಹೆಣ್ಣುಮಗಳೊಬ್ಬಳಿಗೆ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಮುಗಿದಿದೆ, ಇನ್ನು ಮಣಿಪಾಲದಲ್ಲಿ ವಿಕಿರಣ ಚಿಕಿತ್ಸೆ ಆಗಬೇಕಿದೆ ಎಂದಿಟ್ಟುಕೊಳ್ಳೋಣ. ಹಿಂದಿನ ಪದ್ಧತಿಯಂತಾದರೆ ವಾರಕ್ಕೆ 5 ದಿನ, ಹೀಗೆ 5 ವಾರ, ಒಟ್ಟು 25 ಸಲ ಅವಳು ಯಂತ್ರದ ಕೆಳಗೆ ಮಲಗಬೇಕಿತ್ತು. ಈಗ ಹೆಚ್ಚಿನವರಿಗೆ 15 ಸಲ ಸಾಕಾಗುತ್ತದೆ. ಬೈಂದೂರಿನಿಂದ ಮಣಿಪಾಲಕ್ಕೆ ಸುಮಾರು 70 ಕಿಲೋಮೀಟರ್. ಹೋಗಿ ಬರಲು 140. ಹತ್ತು ದಿನ ತಗ್ಗಿದರೆ 1,400 ಕಿಲೋಮೀಟರ್ ಪ್ರಯಾಣ ತಪ್ಪುತ್ತದೆ. ಹತ್ತು ದಿನದ ದುಡಿಮೆ ಉಳಿಯುತ್ತದೆ, ಜತೆಗೆ ಬರುವ ಗಂಡನದೋ ಮಗಳದೋ ಹತ್ತು ದಿನ ಉಳಿಯುತ್ತದೆ. ಗೇರುಬೀಜದ ಕಾರ್ಖಾನೆಗೆ ಹೋಗುವವರ ಮನೆಯಲ್ಲಿ, ಗಂಗೊಳ್ಳಿಯಲ್ಲಿ ಮೀನು ಮಾರುವವರ ಮನೆಯಲ್ಲಿ ಈ ಹತ್ತು ದಿನದ ಬೆಲೆ ಏನೆಂದು ಯಾರೂ ವಿವರಿಸಬೇಕಿಲ್ಲ.

ಈ ಉಳಿತಾಯ ತಾನಾಗಿ ಬಂದದ್ದಲ್ಲ. 1999ರಿಂದ 2002ರವರೆಗೆ ಬ್ರಿಟನ್ನಿನಲ್ಲಿ ‘ಸ್ಟಾರ್ಟ್’ ಎಂಬ ಜೋಡಿ ಪ್ರಯೋಗಗಳಿಗೆ 4,451 ಮಹಿಳೆಯರು ಸೇರಿಕೊಂಡರು. ಅವುಗಳಲ್ಲಿ ಎರಡನೆಯದು 25 ಕಂತುಗಳಲ್ಲಿ 50 ಗ್ರೇ (ವಿಕಿರಣದ ಡೋಸನ್ನು ಅಳೆಯುವ ಮಾನ) ಕೊಡುವ ಹಳೆಯ ಪದ್ಧತಿಯನ್ನೂ 15 ಕಂತುಗಳಲ್ಲಿ 40 ಗ್ರೇ ಕೊಡುವ ಹೊಸ ಪದ್ಧತಿಯನ್ನೂ ಎದುರುಬದುರು ಇಟ್ಟು ನೋಡಿತು. ವರ್ಷಗಟ್ಟಲೆ ಕಾದು ನೋಡಿದ ಮೇಲೂ 15 ಕಂತಿನ ಪದ್ಧತಿ ಯಾವುದರಲ್ಲೂ ಹಿಂದೆ ಬೀಳಲಿಲ್ಲ. ಆ ಉತ್ತರವನ್ನು ಜಗತ್ತು ನಂಬಿತು. ಅದು ಬ್ರಿಟನ್ನಿನಿಂದ ಬಂತು ಎಂಬುದಾಗಲಿ, ದೊಡ್ಡ ಪತ್ರಿಕೆಯಲ್ಲಿ ಅಚ್ಚಾಯಿತು ಎಂಬುದಾಗಲಿ ಆ ನಂಬಿಕೆಗೆ ಸಾಕಾಗುವ ಕಾರಣವಲ್ಲ. ಸಣ್ಣದೊಂದು ತಂಡ ಎದೆಯ ಆಕಾರದ ಮಾದರಿಗಳನ್ನು ಹೊತ್ತುಕೊಂಡು ಭಾಗವಹಿಸಿದ ಆಸ್ಪತ್ರೆಗಳಿಗೆ ಹೋಗಿತ್ತು. ಅಲ್ಲಿ ಕಾಗದದ ಮೇಲೆ ಬರೆದ ಡೋಸ್ ನಿಜಕ್ಕೂ ಒಳಗೆ ತಲುಪುತ್ತಿದೆಯೇ ಎಂದು ಅಳೆದಿತ್ತು. 40 ಗ್ರೇ ಎಂದು ಬರೆದ ಕಡೆ ಒಂದು ಆಸ್ಪತ್ರೆಯಲ್ಲಿ 38, ಇನ್ನೊಂದರಲ್ಲಿ 43 ತಲುಪುತ್ತಿದ್ದರೆ ಆ ಪ್ರಯೋಗ ಕೇಳಿದ ಪ್ರಶ್ನೆಗೆ ಅರ್ಥವೇ ಇರುತ್ತಿರಲಿಲ್ಲ.

ವಿಕಿರಣ ಚಿಕಿತ್ಸೆಯ ಕ್ಲಿನಿಕಲ್ ಟ್ರಯಲ್‌ಗಳಲ್ಲಿ ಗುಣಮಟ್ಟದ ಖಾತರಿ ನೋಡಿಕೊಳ್ಳುವವರು ಮಾಡುವ ಕೆಲಸ ಇದು. ರೋಗಿ ಇವರನ್ನು ಕಾಣುವುದಿಲ್ಲ. ಪ್ರಯೋಗದ ಫಲಿತಾಂಶ ಸುದ್ದಿಯಾದಾಗ ಇವರ ಹೆಸರು ಬರುವುದಿಲ್ಲ. ಆಸ್ಪತ್ರೆಯೊಳಗೂ ಹಲವರಿಗೆ ಇವರು ಫಾರಂ ತುಂಬಿಸುವವರು, ತಪ್ಪು ಹುಡುಕುವವರು, ಕೆಲಸ ನಿಧಾನ ಮಾಡುವವರು. ಈ ಎಣಿಕೆ ತಪ್ಪು ಮಾತ್ರವಲ್ಲ, ಅಪಾಯಕಾರಿ ಎಂಬುದು ನನ್ನ ನಿಲುವು. ಇವರ ಕೆಲಸ ಚಿಕಿತ್ಸೆಯ ಹೊರಗಿನ ಪಹರೆಯಲ್ಲ, ಚಿಕಿತ್ಸೆಯದೇ ಒಂದು ಭಾಗ. ಕುಂದಾಪುರ, ಬೈಂದೂರು, ಬ್ರಹ್ಮಾವರದಂಥ ತಾಲೂಕುಗಳ ಜನರಿಗೆ ಪ್ರಯೋಗಗಳಲ್ಲಿ ನ್ಯಾಯವಾದ ಜಾಗ ಸಿಗಬೇಕಾದರೆ ಈ ಕೆಲಸಕ್ಕೆ ನಮ್ಮ ದೇಶ ಇನ್ನೂ ಹೆಚ್ಚು ಜನರನ್ನು, ಹಣವನ್ನು, ಮನ್ನಣೆಯನ್ನು ಕೊಡಬೇಕು.

ಔಷಧದ ಪ್ರಯೋಗಕ್ಕೂ ವಿಕಿರಣದ ಪ್ರಯೋಗಕ್ಕೂ ಇರುವ ವ್ಯತ್ಯಾಸವನ್ನು ಮೊದಲು ಗಮನಿಸಬೇಕು. ಮಾತ್ರೆ ಒಂದೇ ಕಾರ್ಖಾನೆಯಲ್ಲಿ ತಯಾರಾಗಿ, ಒಂದೇ ಅಳತೆಯಲ್ಲಿ ಎಲ್ಲ ಆಸ್ಪತ್ರೆಗಳಿಗೂ ಬರುತ್ತದೆ. ವಿಕಿರಣ ಚಿಕಿತ್ಸೆ ಪ್ರತಿ ಆಸ್ಪತ್ರೆಯಲ್ಲಿ, ಪ್ರತಿ ರೋಗಿಗೆ ಹೊಸದಾಗಿ ತಯಾರಾಗುತ್ತದೆ. ಸಿಟಿ ಸ್ಕ್ಯಾನ್ ತೆಗೆದು, ಗಡ್ಡೆ ಎಲ್ಲಿದೆ, ಅದು ಯಾವ ಗ್ರಂಥಿಗಳಿಗೆ ಹರಡಿರಬಹುದು ಎಂದು ವೈದ್ಯರು ಚಿತ್ರದ ಒಂದೊಂದು ಪದರದ ಮೇಲೂ ಗೆರೆ ಎಳೆಯುತ್ತಾರೆ. ಬೆನ್ನುಹುರಿ, ಜೊಲ್ಲುಗ್ರಂಥಿ, ಕರುಳು, ಮೂತ್ರಕೋಶ ಇವುಗಳನ್ನೂ ಗುರುತಿಸುತ್ತಾರೆ. ಮೆಡಿಕಲ್ ಫಿಸಿಸಿಸ್ಟ್ ಯಾವ ಕೋನದಿಂದ ಎಷ್ಟು ಕಿರಣ ಬರಬೇಕು ಎಂದು ಲೆಕ್ಕ ಹಾಕುತ್ತಾರೆ. ಟೆಕ್ನಾಲಜಿಸ್ಟ್ ದಿನದಿನವೂ ರೋಗಿಯನ್ನು ಅದೇ ಭಂಗಿಯಲ್ಲಿ ಮಲಗಿಸುತ್ತಾರೆ. ಈ ಮೂವರ ಕೈಯಲ್ಲಿ ಸಾಗುವ ಕೆಲಸದ ಯಾವ ಹಂತದಲ್ಲೂ ವ್ಯತ್ಯಾಸ ನುಸುಳಬಹುದು. ಒಂದೇ ಸ್ಕ್ಯಾನನ್ನು ಇಬ್ಬರು ನುರಿತ ವೈದ್ಯರಿಗೆ ಕೊಟ್ಟರೆ ಇಬ್ಬರ ಗೆರೆಯೂ ಒಂದೇ ಆಗಿರುವುದಿಲ್ಲ. ಬೇರೆಬೇರೆ ಅಳತೆಯ ಕಳಸಿಗೆ ಹಿಡಿದು ಎರಡು ಗದ್ದೆಯ ಭತ್ತ ಅಳೆದರೆ ಯಾವ ಗದ್ದೆ ಹೆಚ್ಚು ಬೆಳೆಯಿತೆಂದು ಹೇಳಲು ಬಾರದು. ಹತ್ತಾರು ಆಸ್ಪತ್ರೆಗಳು ಸೇರಿ ನಡೆಸುವ ಪ್ರಯೋಗಕ್ಕೂ ಅದೇ ಗತಿ.

ಹಾಗಾಗಿ ಪ್ರಯೋಗ ಶುರುವಾಗುವ ಮುಂಚೆಯೇ ಈ ಕೆಲಸ ಶುರುವಾಗುತ್ತದೆ. ಮೊದಲು ಪ್ರೋಟೊಕಾಲನ್ನು, ಅಂದರೆ ಪ್ರಯೋಗದ ನಿಯಮಾವಳಿಯನ್ನು, ಓದಿ ಅದರಲ್ಲಿ ಎರಡರ್ಥಕ್ಕೆ ಆಸ್ಪದವಿರುವ ಸಾಲುಗಳನ್ನು ತಿದ್ದಿಸಬೇಕು. ‘ಕುತ್ತಿಗೆಯ ಗ್ರಂಥಿಗಳನ್ನು ಸೇರಿಸಿ’ ಎಂದಷ್ಟೇ ಬರೆದರೆ ಸಾಲದು. ಯಾವ ಮಟ್ಟದ ಗ್ರಂಥಿ, ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳಬೇಕು. ಆಮೇಲೆ ಪ್ರತಿ ಆಸ್ಪತ್ರೆಯ ಯಂತ್ರ ಹೊರಸೂಸುವ ವಿಕಿರಣ ಸರಿಯಿದೆಯೇ ಎಂಬ ಪರೀಕ್ಷೆ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆ 1969ರಿಂದ ಇದನ್ನು ಅಂಚೆಯ ಮೂಲಕ ಮಾಡುತ್ತ ಬಂದಿವೆ: ಪುಟ್ಟ ಡೋಸಿಮೀಟರ್ ಅಂಚೆಯಲ್ಲಿ ಆಸ್ಪತ್ರೆಗೆ ಬರುತ್ತದೆ, ಅವರು ಅದಕ್ಕೆ ಹೇಳಿದಷ್ಟು ವಿಕಿರಣ ಕೊಟ್ಟು ವಾಪಸ್ ಕಳಿಸುತ್ತಾರೆ, ಅಲ್ಲಿ ಓದಿ ನೋಡಿದಾಗ ವ್ಯತ್ಯಾಸ 5%ರ ಒಳಗಿರಬೇಕು. ನಮ್ಮಲ್ಲಿ ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರ ಇಂಥದೇ ಅಂಚೆ ಆಡಿಟ್ ನಡೆಸುತ್ತದೆ.

ಯಂತ್ರ ಸರಿಯಿದ್ದರೆ ಮನುಷ್ಯರ ಸರದಿ. ಎಲ್ಲ ಆಸ್ಪತ್ರೆಗಳಿಗೂ ಒಂದೇ ರೋಗಿಯ ಸ್ಕ್ಯಾನ್ ಕಳಿಸಿ, ಗೆರೆ ಎಳೆಯಿರಿ, ಪ್ಲಾನ್ ಮಾಡಿ ಎನ್ನುತ್ತಾರೆ. ಬಂದ ಉತ್ತರಗಳನ್ನು ತಜ್ಞರ ಗೆರೆಯ ಜತೆ ಹೋಲಿಸಿ, ಎಲ್ಲಿ ಬಿಟ್ಟುಹೋಗಿದೆ, ಎಲ್ಲಿ ಹೆಚ್ಚಾಗಿದೆ ಎಂದು ಬರೆದು ತಿಳಿಸುತ್ತಾರೆ. ಕೊನೆಗೆ ತಲೆ ಅಥವಾ ಎದೆಯ ಆಕಾರದ ಪ್ಲಾಸ್ಟಿಕ್ ಫ್ಯಾಂಟಮ್ ಬರುತ್ತದೆ. ಅದರೊಳಗೆ ಡೋಸಿಮೀಟರುಗಳೂ ಫಿಲ್ಮೂ ಇರುತ್ತವೆ. ಅದನ್ನು ನಿಜವಾದ ರೋಗಿಯಂತೆ ಸ್ಕ್ಯಾನ್ ಮಾಡಿ, ಪ್ಲಾನ್ ಮಾಡಿ, ಯಂತ್ರದ ಕೆಳಗಿಟ್ಟು ಚಿಕಿತ್ಸೆ ಕೊಡಬೇಕು. ಪ್ರಯೋಗ ನಡೆಯುತ್ತಿರುವಾಗ ನಿಜವಾದ ರೋಗಿಗಳ ಪ್ಲಾನುಗಳು, ಹೆಸರು ತೆಗೆದುಹಾಕಿ, ಪರಿಶೀಲನಾ ತಂಡಕ್ಕೆ ಬರುತ್ತವೆ. ಅವನ್ನು ಚಿಕಿತ್ಸೆಗೆ ಮುಂಚೆ, ತಪ್ಪಿದರೆ ಮೊದಲ ವಾರದಲ್ಲೇ ನೋಡಿ ಮುಗಿಸಬೇಕು. ಒಂದು ಆಸ್ಪತ್ರೆ ಎಡ ಜೊಲ್ಲುಗ್ರಂಥಿಗೆ ಒಂದು ಹೆಸರಿಟ್ಟು ಇನ್ನೊಂದು ಬೇರೆ ಹೆಸರಿಟ್ಟರೆ ಕಂಪ್ಯೂಟರಿಗೆ ಅವು ಎರಡು ಬೇರೆ ಅಂಗಗಳು. ಇದಕ್ಕಾಗಿಯೇ 2018ರಲ್ಲಿ ಅಮೆರಿಕದ ಮೆಡಿಕಲ್ ಫಿಸಿಸಿಸ್ಟರ ಸಂಘ ಟಿಜಿ-263 ಎಂಬ ವರದಿಯಲ್ಲಿ ಅಂಗಗಳಿಗೆಲ್ಲ ಒಂದೇ ರೀತಿಯ ಹೆಸರುಗಳನ್ನು ಗೊತ್ತುಮಾಡಿತು. ಹೊರಗಿನವರಿಗೆ ಬೇಸರ ತರಿಸಬಹುದಾದ ಈ ಶಿಸ್ತಿನ ಮೇಲೆ ಸಾವಿರಾರು ರೋಗಿಗಳ ಲೆಕ್ಕ ನಿಂತಿದೆ.

ಇಷ್ಟೆಲ್ಲ ಬೇಕೇ? ಈ ಪ್ರಶ್ನೆಗೆ ನನ್ನ ಅನಿಸಿಕೆಗಿಂತ ಬಲವಾದ ಉತ್ತರ ‘ಹೆಡ್‌ಸ್ಟಾರ್ಟ್’ ಪ್ರಯೋಗದಲ್ಲಿದೆ. 2002ರಿಂದ 2005ರವರೆಗೆ 16 ದೇಶಗಳಲ್ಲಿ, ಮುಂದುವರಿದ ಹಂತದ ತಲೆ-ಕುತ್ತಿಗೆ ಕ್ಯಾನ್ಸರ್ ಇದ್ದವರ ಮೇಲೆ ಅದು ನಡೆಯಿತು. 7 ವಾರಗಳಲ್ಲಿ 35 ಕಂತು, 70 ಗ್ರೇ ವಿಕಿರಣ. ಜತೆಗೆ ಕೆಲವರಿಗೆ ಸಿಸ್‌ಪ್ಲಾಟಿನ್ ಮಾತ್ರ, ಉಳಿದವರಿಗೆ ಸಿಸ್‌ಪ್ಲಾಟಿನ್ ಜತೆ ಟಿರಪಝಮಿನ್ ಎಂಬ ಹೊಸ ಔಷಧ. ಹೊಸ ಔಷಧದಿಂದ ಬದುಕುಳಿಯುವವರ ಪ್ರಮಾಣ ಹೆಚ್ಚಲಿಲ್ಲ. ಆದರೆ 2010ರಲ್ಲಿ ಲೆಸ್ಟರ್ ಪೀಟರ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಇನ್ನೊಂದು ವಿಶ್ಲೇಷಣೆ ಔಷಧದ ಫಲಿತಾಂಶಕ್ಕಿಂತ ದೊಡ್ಡ ಸುದ್ದಿಯಾಯಿತು. ರೋಗಿಗಳ ಪ್ಲಾನುಗಳನ್ನು ಮತ್ತೆ ತೆರೆದು ನೋಡಿದಾಗ 25.4% ಪ್ಲಾನುಗಳು ಪ್ರೋಟೊಕಾಲಿಗೆ ಹೊಂದುತ್ತಿರಲಿಲ್ಲ. ಒಟ್ಟು ರೋಗಿಗಳಲ್ಲಿ 12% ಮಂದಿಯ ಪ್ಲಾನುಗಳಲ್ಲಿದ್ದ ಕೊರತೆ ಗಡ್ಡೆಯ ಹತೋಟಿಗೇ ಪೆಟ್ಟು ಕೊಡುವಂಥದ್ದು. ಆ ಗುಂಪಿನಲ್ಲಿ 2 ವರ್ಷದ ನಂತರ ಬದುಕಿದ್ದವರು 50%. ಮೊದಲಿಂದಲೇ ಸರಿಯಾದ ಪ್ಲಾನ್ ಇದ್ದವರಲ್ಲಿ 70%.

ಈ 20 ಅಂಕಗಳ ಅಂತರ ಎಷ್ಟು ದೊಡ್ಡದೆಂದು ತಿಳಿಯಲು ಇನ್ನೊಂದು ಸಂಖ್ಯೆಯನ್ನು ಪಕ್ಕದಲ್ಲಿಡಬೇಕು. ತಲೆ-ಕುತ್ತಿಗೆ ಕ್ಯಾನ್ಸರಿನಲ್ಲಿ ವಿಕಿರಣದ ಜತೆಗೇ ಕೀಮೋ ಕೊಡುವುದರಿಂದ 5 ವರ್ಷಕ್ಕೆ ಬದುಕುಳಿಯುವವರ ಪ್ರಮಾಣ 6.5% ಹೆಚ್ಚುತ್ತದೆ ಎಂದು ಹಲವಾರು ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಹೇಳಿತ್ತು. ಆ 6.5%ಗಾಗಿ ಜಗತ್ತಿನ ಚಿಕಿತ್ಸಾ ಪದ್ಧತಿಯೇ ಬದಲಾಯಿತು. ಎರಡೂ ಅಳತೆಗಳ ಅವಧಿ ಬೇರೆ, ಗುಂಪುಗಳು ಬೇರೆ. ಒಂದಕ್ಕೊಂದು ತಾಳೆ ಹಾಕುವಂತಿಲ್ಲ. ಆದರೂ ಗೆರೆಯೂ ಡೋಸೂ ಸರಿಯಿರುವುದು ಯಾವುದೇ ಹೊಸ ಔಷಧಕ್ಕಿಂತ ಸಣ್ಣ ವಿಷಯವಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. 2013ರಲ್ಲಿ 8 ಪ್ರಯೋಗಗಳನ್ನು ಒಟ್ಟಿಗೆ ನೋಡಿದ ಇನ್ನೊಂದು ಅಧ್ಯಯನದಲ್ಲೂ ಪ್ರೋಟೊಕಾಲಿನಿಂದ ಸರಿದ ಚಿಕಿತ್ಸೆ ಪಡೆದವರಲ್ಲಿ ಸಾವಿನ ಅಪಾಯ ಸುಮಾರು 1.7 ಪಟ್ಟು ಇತ್ತು.

ಪೀಟರ್ಸ್ ಅವರ ವಿಶ್ಲೇಷಣೆಯಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಇನ್ನೊಂದು ವಿವರ. ಚಿಕಿತ್ಸೆ ನಡೆಯುತ್ತಿರುವಾಗಲೇ ಪರಿಶೀಲನಾ ಕೇಂದ್ರ ಕೆಲವು ಪ್ಲಾನುಗಳಲ್ಲಿ ಬದಲಾವಣೆ ಸೂಚಿಸಿತ್ತು. ಆ ಸೂಚನೆಯನ್ನು ಪಾಲಿಸಿ ಬದಲಾಯಿಸಿದ ಪ್ಲಾನುಗಳಲ್ಲಿ ಒಂದೂ ಕೊನೆಯ ಪರಿಶೀಲನೆಯಲ್ಲಿ ತಪ್ಪೆನಿಸಲಿಲ್ಲ. ತಪ್ಪು ಕಂಡಿತು, ಹೇಳಿದರು, ತಿದ್ದಿದರು, ರೋಗಿಗೆ ಸರಿಯಾದ ಚಿಕಿತ್ಸೆ ಸಿಕ್ಕಿತು. ಪ್ರಯೋಗ ಮುಗಿದ ಮೇಲೆ ಬರೆಯುವ ವರದಿಗೂ ಮೊದಲ ವಾರದಲ್ಲಿ ಮಾಡುವ ಫೋನ್ ಕರೆಗೂ ಇರುವ ವ್ಯತ್ಯಾಸ ಇದು. ವರದಿಯಿಂದ ಮುಂದಿನವರಿಗೆ ಪಾಠ ಸಿಗುತ್ತದೆ. ಮೇಜಿನ ಮೇಲೆ ಮಲಗಿರುವವರಿಗೆ ಬೇಕಾದದ್ದು ಆ ಕರೆ.

ಅದೇ ವಿಶ್ಲೇಷಣೆಯ ಮೂರನೆಯ ಮಾತು ನಮ್ಮ ಕರಾವಳಿಗೆ ನೇರವಾಗಿ ಸಂಬಂಧಿಸಿದ್ದು. 5ಕ್ಕಿಂತ ಕಡಿಮೆ ರೋಗಿಗಳನ್ನು ಸೇರಿಸಿದ ಆಸ್ಪತ್ರೆಗಳಲ್ಲಿ ಗಂಭೀರ ಕೊರತೆಯ ಪ್ರಮಾಣ 29.8%, 20 ಅಥವಾ ಹೆಚ್ಚು ರೋಗಿಗಳನ್ನು ಸೇರಿಸಿದ ಕಡೆ 5.4%. ಇದನ್ನು ಓದಿದ ಯಾರಿಗಾದರೂ ಮೊದಲು ಹೊಳೆಯುವ ಪರಿಹಾರ, ಸಣ್ಣ ಕೇಂದ್ರಗಳನ್ನು ಪ್ರಯೋಗದಿಂದ ಹೊರಗಿಡುವುದು. ದೊಡ್ಡ ಆಸ್ಪತ್ರೆಗಳಲ್ಲೇ ನಡೆಸಿದರೆ ಅಂಕಿಅಂಶ ಶುದ್ಧವಾಗಿರುತ್ತದಲ್ಲ ಎಂಬ ವಾದ. ಭಾರತದ ಮಟ್ಟಿಗೆ ಇದರ ಅರ್ಥ, ಪ್ರಯೋಗಗಳೆಲ್ಲ ಮುಂಬಯಿ, ದೆಹಲಿ, ಬೆಂಗಳೂರು, ಚೆನ್ನೈಗಳಲ್ಲಿ ಉಳಿಯುವುದು; ಶಿರೂರಿನ, ಅಮಾಸೆಬೈಲಿನ, ಬಾರ್ಕೂರಿನ ರೋಗಿಗಳು ಬೇರೆಯವರ ದೇಹದ ಮೇಲೆ ಕಂಡುಕೊಂಡ ಉತ್ತರವನ್ನು ತಮಗೂ ಹೊಂದುತ್ತದೆಂದು ನಂಬಿ ಪಡೆಯುವುದು.

ಈ ಪರಿಹಾರವನ್ನು ನಾನು ಒಪ್ಪುವುದಿಲ್ಲ. ಸಣ್ಣ ಕೇಂದ್ರಗಳು ಸಣ್ಣವಾಗಿರುವುದೇ ತಪ್ಪಿಗೆ ಕಾರಣ ಎಂದು ಆ ಅಂಕಿಗಳು ಹೇಳುವುದಿಲ್ಲ. ಒಂದು ಪ್ರೋಟೊಕಾಲನ್ನು ಎರಡೋ ಮೂರೋ ಸಲ ಮಾತ್ರ ಮಾಡಿದವರಿಗೆ ಕೈ ಕುದುರಿರುವುದಿಲ್ಲ. ಪ್ರತಿ ಸಲವೂ ಮೊದಲ ಸಲವೇ. ಕೈ ಕುದುರುವ ಮೊದಲೇ ಅದನ್ನು ತಿದ್ದಲು ಒಂದೇ ಸ್ಕ್ಯಾನ್ ಕಳಿಸಿ ಮಾಡುವ ಬೆಂಚ್‌ಮಾರ್ಕ್ ಪರೀಕ್ಷೆ, ಫ್ಯಾಂಟಮ್, ಚಿಕಿತ್ಸೆಗೆ ಮುಂಚಿನ ಪರಿಶೀಲನೆ ಇರುವುದು. ದೊಡ್ಡ ಹೆಸರೊಂದೇ ಖಾತರಿಯಲ್ಲ ಎಂಬುದಕ್ಕೂ ಪುರಾವೆ ಇದೆ. ಅಮೆರಿಕದಲ್ಲಿ 1968ರಲ್ಲಿ ಶುರುವಾದ ಹೂಸ್ಟನ್ನಿನ ರೇಡಿಯಲಾಜಿಕಲ್ ಫಿಸಿಕ್ಸ್ ಸೆಂಟರ್ ತಲೆ-ಕುತ್ತಿಗೆಯ ಫ್ಯಾಂಟಮನ್ನು ಐಎಂಆರ್‌ಟಿ (ಕಿರಣದ ತೀವ್ರತೆಯನ್ನು ಗಡ್ಡೆಯ ಆಕಾರಕ್ಕೆ ತಕ್ಕಂತೆ ಹೊಂದಿಸುವ ವಿಧಾನ) ಪ್ರಯೋಗಗಳಿಗೆ ಸೇರಬಯಸಿದ ಆಸ್ಪತ್ರೆಗಳಿಗೆ ಕಳಿಸಿತು. ಡೋಸಿನಲ್ಲಿ 7%, ದೂರದಲ್ಲಿ 4 ಮಿಲಿಮೀಟರ್‌ವರೆಗೆ ವ್ಯತ್ಯಾಸವನ್ನು ಮನ್ನಿಸುವ ಉದಾರ ಅಳತೆ ಅದು. ಹಾಗಿದ್ದೂ 2008ರಲ್ಲಿ ಪ್ರಕಟವಾದ ಲೆಕ್ಕದಂತೆ ಸುಮಾರು 28% ಪರೀಕ್ಷೆಗಳು ಪಾಸಾಗಲಿಲ್ಲ. ಹೊಸ ಯಂತ್ರ, ಒಳ್ಳೆಯ ಸಂಬಳ, ತರಬೇತಾದ ಸಿಬ್ಬಂದಿ ಇದ್ದ ದೇಶದ ಆಸ್ಪತ್ರೆಗಳವು. ಅವು ತಪ್ಪು ಕಂಡುಕೊಂಡು, ಸರಿಪಡಿಸಿಕೊಂಡು, ಮತ್ತೆ ಪರೀಕ್ಷೆಗೆ ಕೂತವು. ಫೇಲಾದವರನ್ನು ಹೊರದಬ್ಬುವ ಪರೀಕ್ಷೆಯಾಗಿದ್ದರೆ ಇದರಿಂದ ಯಾರಿಗೂ ಲಾಭವಿರಲಿಲ್ಲ. ಹಾಗೆ ಮಾಡದ್ದರಿಂದಲೇ ಆ ಆಸ್ಪತ್ರೆಗಳ ಮುಂದಿನ ರೋಗಿಗಳೆಲ್ಲರಿಗೂ, ಪ್ರಯೋಗಕ್ಕೆ ಸೇರದವರಿಗೂ ಸೇರಿ, ಲಾಭವಾಯಿತು.

ಇನ್ನೊಂದು ಬಗೆಯ ಆಕ್ಷೇಪವೂ ಇದೆ, ಅದನ್ನು ಎತ್ತುವವರು ಪ್ರಾಮಾಣಿಕರು. ಪ್ರಯೋಗದಲ್ಲಿ ಎಲ್ಲವನ್ನೂ ಇಷ್ಟು ಬಿಗಿಮಾಡಿದರೆ ಅಲ್ಲಿಂದ ಬರುವ ಉತ್ತರ ನಿತ್ಯದ ಆಸ್ಪತ್ರೆಗೆ ಹೊಂದುವುದೇ? ನಿಜದಲ್ಲಿ ಯಾರೂ ಪ್ರತಿ ಪ್ಲಾನನ್ನು ಹೊರಗಿನವರಿಗೆ ಕಳಿಸಿ ನೋಡಿಸುವುದಿಲ್ಲ. ಹಾಗಿರುವಾಗ ಪ್ರಯೋಗವೂ ನಿತ್ಯದ ಬದುಕಿನಷ್ಟೇ ಒರಟಾಗಿರಲಿ, ಆಗ ಸಿಗುವ ಉತ್ತರವೇ ನಿಜವಾದದ್ದು ಎನ್ನುತ್ತಾರೆ ಅವರು. ಈ ವಾದದಲ್ಲಿ ಅರ್ಧ ಸತ್ಯವಿದೆ. ರೋಗಿಗಳ ನಡುವಿನ ವ್ಯತ್ಯಾಸ ಬದುಕಿನ ವ್ಯತ್ಯಾಸ: ವಯಸ್ಸು, ಸಕ್ಕರೆ ಕಾಯಿಲೆ, ಕೃಶವಾದ ಮೈ, ದೂರದ ಮನೆ, ಹೊಗೆಸೊಪ್ಪಿನ ಅಭ್ಯಾಸ. ಇವೆಲ್ಲ ಪ್ರಯೋಗದೊಳಗೆ ಇರಲೇಬೇಕು; ಇವನ್ನು ಸೋಸಿ ತೆಗೆದ ಪ್ರಯೋಗ ನಮ್ಮ ಊರಿಗೆ ಉಪಯೋಗವಿಲ್ಲದ್ದು. ಆದರೆ ತಪ್ಪಾದ ಡೋಸ್, ಗಡ್ಡೆಯನ್ನು ಬಿಟ್ಟುಹೋದ ಗೆರೆ ಬದುಕಿನ ವ್ಯತ್ಯಾಸಗಳಲ್ಲ. ಅವು ಕೆಲಸದ ದೋಷಗಳು. ಅವನ್ನೂ ‘ವಾಸ್ತವ’ ಎಂದು ಒಪ್ಪಿಕೊಂಡರೆ ಬಡ ಆಸ್ಪತ್ರೆಗೆ ಬರುವವರಿಗೆ ಕಳಪೆ ಚಿಕಿತ್ಸೆಯೇ ಸಹಜ ಎಂದು ಒಪ್ಪಿಕೊಂಡಂತೆ. ಅದೂ ಅಲ್ಲದೆ, ದೋಷಗಳು ಎರಡೂ ಗುಂಪುಗಳಲ್ಲಿ ಬೆರೆತಾಗ ಒಳ್ಳೆಯ ಚಿಕಿತ್ಸೆಯೂ ಸಾಧಾರಣದಂತೆ ಕಾಣುತ್ತದೆ. ಇರುವ ವ್ಯತ್ಯಾಸ ಮಸುಕಾಗಿ, ಅದನ್ನು ಕಾಣಲು ಇನ್ನೂ ನೂರಾರು ರೋಗಿಗಳು ಬೇಕಾಗುತ್ತಾರೆ. ಹಣ ಉಳಿಸಲೆಂದು ಪರಿಶೀಲನೆ ಬಿಟ್ಟವರು ಕೊನೆಗೆ ಹೆಚ್ಚು ಹಣವನ್ನೂ ಹೆಚ್ಚು ಜನರನ್ನೂ ಬಳಸುತ್ತಾರೆ.

ಹಾಗಾದರೆ ಕರಾವಳಿಯ ಬದುಕಿನ ವ್ಯತ್ಯಾಸಗಳನ್ನು ಈ ಕೆಲಸ ಹೇಗೆ ಒಳಗೊಳ್ಳಬೇಕು? ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಕಾಲ. ತಲೆ-ಕುತ್ತಿಗೆ ಕ್ಯಾನ್ಸರಿನ ಚಿಕಿತ್ಸೆ 7 ವಾರದಲ್ಲಿ ಮುಗಿಯಬೇಕೆಂದರೆ ಅದು ಅನುಕೂಲದ ಮಾತಲ್ಲ. ನಡುವೆ ಬಿಡುವಾದರೆ ಉಳಿದ ಕ್ಯಾನ್ಸರ್ ಕೋಶಗಳು ಬೇಗಬೇಗ ಮತ್ತೆ ಬೆಳೆಯುತ್ತವೆ. ಚಿಕಿತ್ಸೆ ಒಂದು ವಾರ ಲಂಬಿಸಿದರೆ ಗಡ್ಡೆಯ ಹತೋಟಿ ಸುಮಾರು 14% ಕುಗ್ಗುತ್ತದೆಂದು 1992ರಲ್ಲಿ ಫೌಲರ್ ಮತ್ತು ಲಿಂಡ್‌ಸ್ಟ್ರಾಮ್ ಹಲವು ಆಸ್ಪತ್ರೆಗಳ ಲೆಕ್ಕ ನೋಡಿ ಅಂದಾಜಿಸಿದರು. ಗರ್ಭಕಂಠದ ಕ್ಯಾನ್ಸರಿನಲ್ಲಿ ಹೊರಗಿನ ವಿಕಿರಣವೂ ಒಳಗಿನ ಬ್ರಾಕಿಥೆರಪಿಯೂ ಸೇರಿ ಸುಮಾರು 8 ವಾರದೊಳಗೆ ಮುಗಿಯಬೇಕು.

ಈ ನಿಯಮವನ್ನು ಹಿಡಿದು ಕುಂದಾಪುರ ಸೀಮೆಯ ಮಳೆಗಾಲವನ್ನು ನೋಡಿ. ಜೂನ್, ಜುಲೈ ತಿಂಗಳಲ್ಲಿ ಸೌಪರ್ಣಿಕೆ ಉಕ್ಕಿದರೆ ನಾವುಂದದ ತಗ್ಗಿನ ಮನೆಗಳವರು ಹೆದ್ದಾರಿಗೆ ಬರುವುದೇ ಕಷ್ಟ. ಘಟ್ಟದ ಬುಡದ ಹಳ್ಳಿಗಳಿಂದ ಬೆಳಗಿನ ಬಸ್ಸು ತಪ್ಪಿದರೆ ಆ ದಿನದ ಕಂತು ತಪ್ಪಿದಂತೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮೀನುಗಾರರ ಮನೆಯಲ್ಲಿ ಪುರುಸೊತ್ತು ಇರುವುದು ಆಗಲೇ, ಕೈಯಲ್ಲಿ ಕಾಸಿಲ್ಲದಿರುವುದೂ ಆಗಲೇ. ಚಿಕಿತ್ಸೆಯ ವೆಚ್ಚವನ್ನು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಹೊತ್ತರೂ 35 ಕಂತಿಗೆ ಬೈಂದೂರಿನಿಂದ ಓಡಾಡುವ 4,900 ಕಿಲೋಮೀಟರ್, ದಾರಿಯ ಊಟ, ಹೋದ ಕೂಲಿ ರೋಗಿಯ ಮೇಲೆಯೇ ಬೀಳುತ್ತದೆ. ತಪ್ಪಿದ ಕಂತನ್ನು ಸರಿದೂಗಿಸಲು ಒಂದು ದಾರಿ, ಒಂದೇ ದಿನ ಕನಿಷ್ಠ 6 ಗಂಟೆಯ ಅಂತರದಲ್ಲಿ ಎರಡು ಕಂತು ಕೊಡುವುದು. ಬ್ರಹ್ಮಾವರದವರಿಗೆ ಇದು ಆಗಬಹುದಾದ ಮಾತು, ಕೊಲ್ಲೂರಿನ ಕಡೆಯವರಿಗೆ ಇಡೀ ದಿನದ ಕಾಯುವಿಕೆ. ಇನ್ನೊಂದು ದಾರಿ ಶನಿವಾರದ ಚಿಕಿತ್ಸೆ. ಪ್ರಯೋಗವೊಂದು ನಮ್ಮಲ್ಲಿ ನಡೆಯುವುದಾದರೆ ಇದನ್ನೆಲ್ಲ ಪ್ರೋಟೊಕಾಲಿನಲ್ಲೇ ಬರೆದಿರಬೇಕು: ಕಂತು ತಪ್ಪಿದರೆ ಎಷ್ಟು ದಿನದೊಳಗೆ, ಯಾವ ರೀತಿ ಸರಿದೂಗಿಸಬೇಕು, ರೋಗಿಯ ವಸತಿಗೆ ಹಣ ಎಲ್ಲಿಂದ, ತಪ್ಪಿದ ಕಾರಣವನ್ನು ಎಲ್ಲಿ ದಾಖಲಿಸಬೇಕು. ‘ರೋಗಿ ಬರಲಿಲ್ಲ’ ಎಂದು ಬರೆದು ಕೈತೊಳೆದುಕೊಳ್ಳುವ ದಾಖಲೆ ಅರ್ಧ ದಾಖಲೆ. ಬಾರದ್ದಕ್ಕೆ ಕಾರಣ ನೆರೆಯೋ, ಬಸ್ಸೋ, ಕೂಲಿಯೋ, ಬಾಯಿಹುಣ್ಣೋ ಎಂದು ಗೊತ್ತಾದರೆ ಮುಂದಿನ ಪ್ರಯೋಗ, ಮುಂದಿನ ಯೋಜನೆ ಅದಕ್ಕೆ ಪರಿಹಾರ ಹುಡುಕಬಲ್ಲದು.

ತೂಕದ ವಿಷಯವೂ ಹೀಗೆಯೇ. ಬಾಯಿ, ಗಂಟಲಿಗೆ ವಿಕಿರಣ ಕೊಡುವಾಗ ಮುಖ ಅಲುಗದಂತೆ ಪ್ಲಾಸ್ಟಿಕ್ ಮಾಸ್ಕ್ ಹಾಕುತ್ತಾರೆ. ಮೂರನೆಯ, ನಾಲ್ಕನೆಯ ವಾರಕ್ಕೆ ಗಂಜಿಯೂ ಇಳಿಯದೆ ರೋಗಿ ಇಳಿದುಹೋದಾಗ ಮಾಸ್ಕ್ ಸಡಿಲವಾಗುತ್ತದೆ. ಮೊದಲ ದಿನದ ಸ್ಕ್ಯಾನಿನ ಮೇಲೆ ಹಾಕಿದ ಲೆಕ್ಕ ಈಗಿನ ಮೈಗೆ ಹೊಂದುವುದಿಲ್ಲ. ಬೆನ್ನುಹುರಿಗೆ ಹೆಚ್ಚು, ಗಡ್ಡೆಗೆ ಕಡಿಮೆ ಡೋಸ್ ಬೀಳಬಹುದು. ಚಿಕಿತ್ಸೆಗೆ ಮುಂಚೆಯೇ ಅಶಕ್ತರಾಗಿರುವವರು ಹೆಚ್ಚಿರುವ ಕಡೆ ಈ ಸಮಸ್ಯೆಯೂ ಹೆಚ್ಚು. ಯಾವಾಗ ಮತ್ತೆ ಸ್ಕ್ಯಾನ್ ಮಾಡಬೇಕು, ಯಾವಾಗ ಹೊಸ ಪ್ಲಾನ್ ಹಾಕಬೇಕು ಎಂಬ ನಿಯಮ ಉಂಡುಟ್ಟು ಬಂದವರನ್ನಷ್ಟೇ ನೋಡಿದ ಪ್ರಯೋಗದಿಂದ ಬಂದರೆ ನಮಗೆ ಸಾಲದು. ಆ ನಿಯಮ ನಮ್ಮವರನ್ನು ನೋಡಿ ಹುಟ್ಟಬೇಕು. ಅದಕ್ಕೇ ನಮ್ಮವರು ಪ್ರಯೋಗದೊಳಗೆ ಇರಬೇಕು.

ಪ್ಲಾನುಗಳನ್ನು ಒಂದೆಡೆ ಜೋಪಾನವಾಗಿ ಕೂಡಿಡುವುದರ ಬೆಲೆಯನ್ನೂ ಹೇಳಬೇಕು. ಅಮೆರಿಕದ ‘ಆರ್‌ಟಿಒಜಿ 0617’ ಪ್ರಯೋಗದಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ 60 ಗ್ರೇ ಬದಲು 74 ಗ್ರೇ ಕೊಟ್ಟರೆ ಒಳಿತಾಗಬಹುದೆಂದು ಎಣಿಸಿದ್ದರು. ಆದದ್ದು ತದ್ವಿರುದ್ಧ. 60 ಗ್ರೇ ಪಡೆದವರ ಮಧ್ಯಾಂಕ ಆಯಸ್ಸು 28.7 ತಿಂಗಳು, 74 ಗ್ರೇ ಪಡೆದವರದು 20.3 ತಿಂಗಳು. ಏಕೆ ಹೀಗಾಯಿತೆಂದು ಕೇಳಿದಾಗ ಪ್ರತಿ ರೋಗಿಯ ಡೋಸಿನ ದಾಖಲೆ ಕೈಯಲ್ಲಿತ್ತು. ಅದನ್ನು ತೆರೆದು ನೋಡಿದಾಗ ಹೃದಯಕ್ಕೆ ಬಿದ್ದ ವಿಕಿರಣಕ್ಕೂ ಸಾವಿಗೂ ನಂಟಿರುವುದು ಕಂಡಿತು. ಅಂದಿನಿಂದ ಎದೆಯ ಚಿಕಿತ್ಸೆಯಲ್ಲಿ ಹೃದಯವನ್ನು ಕಾಯುವ ಎಚ್ಚರ ಹೆಚ್ಚಾಯಿತು. ಸೋತ ಪ್ರಯೋಗವೂ ಪಾಠ ಕಲಿಸಿತು, ದಾಖಲೆ ಅಚ್ಚುಕಟ್ಟಾಗಿ ಉಳಿದಿದ್ದರಿಂದ.

ಭಾರತಕ್ಕೆ ಇದೆಲ್ಲ ಹೊರಗಿನ ವಿದ್ಯೆಯಲ್ಲ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ 1983ರಿಂದ ಇದೆ. ಅದರ ನಿಯಮಗಳನ್ನು ಪಾಲಿಸದೆ, ವಿಕಿರಣ ಸುರಕ್ಷಾ ಅಧಿಕಾರಿ ಇಲ್ಲದೆ ಯಾವ ಆಸ್ಪತ್ರೆಯೂ ಯಂತ್ರ ನಡೆಸುವಂತಿಲ್ಲ. 1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇದೆ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯ ಶಿರಡಿ ಸಾಯಿಬಾಬಾ ಕ್ಯಾನ್ಸರ್ ಆಸ್ಪತ್ರೆ ನಮ್ಮ ಮೂರೂ ತಾಲೂಕುಗಳಿಗೆ ಹತ್ತಿರದ್ದು. 2012ರಲ್ಲಿ ಹುಟ್ಟಿದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ನೂರಾರು ಆಸ್ಪತ್ರೆಗಳನ್ನು ಒಂದು ಜಾಲಕ್ಕೆ ತಂದಿದೆ. ಮುಂಬಯಿಯ ಟಾಟಾ ಮೆಮೋರಿಯಲ್ ಸೆಂಟರ್ ನಡೆಸಿದ ‘ಪಾರ್ಸರ್’ ಪ್ರಯೋಗದಲ್ಲಿ, ಗರ್ಭಕಂಠದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದ 300 ಮಹಿಳೆಯರಲ್ಲಿ, ಚಿತ್ರ ನೋಡಿಕೊಂಡು ನಿಖರವಾಗಿ ಕೊಟ್ಟ ಐಎಂಆರ್‌ಟಿಯಿಂದ 3 ವರ್ಷದಲ್ಲಿ ಕರುಳಿನ ತೊಂದರೆ 42.4%ರಿಂದ 21.1%ಕ್ಕೆ ಇಳಿಯಿತು. ನಮ್ಮ ಹೆಣ್ಣುಮಕ್ಕಳ ಮೇಲೆ, ನಮ್ಮವರೇ ಕೇಳಿದ ಪ್ರಶ್ನೆಗೆ ಸಿಕ್ಕ ಉತ್ತರವಿದು. ಇದರ ಬೆಲೆ ದೊಡ್ಡದು. ಗೆರೆಯಲ್ಲೂ ಡೋಸಿನಲ್ಲೂ ಶಿಸ್ತಿಲ್ಲದ ಕಡೆ ಇಂಥ ಉತ್ತರ ಹುಟ್ಟುವುದಿಲ್ಲ.

ಒಂದೇ ದೊಡ್ಡ ಸಂಸ್ಥೆಯೊಳಗೆ ಸಾಧ್ಯವಾದ ಈ ಶಿಸ್ತನ್ನು ಹತ್ತಾರು ಮಧ್ಯಮ, ಸಣ್ಣ ಆಸ್ಪತ್ರೆಗಳಿಗೆ ಹಬ್ಬಿಸುವುದು ಮುಂದಿನ ಕೆಲಸ. ಅದಕ್ಕೆ ನಾಲ್ಕು ಸಂಗತಿ ಬೇಕು. ಬಹುಕೇಂದ್ರ ಪ್ರಯೋಗಗಳಿಗೆಂದೇ ಸ್ಥಾಯಿಯಾದ ಪರಿಶೀಲನಾ ಕೇಂದ್ರಗಳು ಬೇಕು. ದೇಶಕ್ಕೆ ಒಂದು ಸಾಲದು, ದಕ್ಷಿಣಕ್ಕೊಂದಾದರೂ ಇರಲಿ. ಪ್ರತಿ ಪ್ರಯೋಗದ ಬಜೆಟ್ಟಿನಲ್ಲಿ ಈ ಕೆಲಸಕ್ಕೆ ಬೇರೆಯೇ ತೆಗೆದಿಟ್ಟ ಹಣ ಬೇಕು. ದಿನದ ರೋಗಿಗಳನ್ನು ಮುಗಿಸಿದ ಮೇಲೆ ರಾತ್ರಿ ಉಳಿದು ಮಾಡುವ ಫಿಸಿಸಿಸ್ಟರ ಔದಾರ್ಯದ ಮೇಲೆ ಅದು ನಡೆಯಬಾರದು. ಫ್ಯಾಂಟಮ್ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಆಸ್ಪತ್ರೆಗೆ ಅವಮಾನವಾಗಬಾರದು. ಕಾರಣ ಹುಡುಕಲು ಜತೆಗೂಡುವ ನುರಿತವರು ಸಿಗಬೇಕು. ಮತ್ತು ಫಲಿತಾಂಶ ಪ್ರಕಟಿಸುವಾಗ ಎಷ್ಟು ಪ್ಲಾನುಗಳನ್ನು ನೋಡಿದರು, ಎಷ್ಟನ್ನು ತಿದ್ದಿದರು ಎಂಬುದು ಬದುಕುಳಿದವರ ಅಂಕಿಯ ಪಕ್ಕದಲ್ಲೇ ಅಚ್ಚಾಗಬೇಕು. ವಿಜ್ಞಾನ ಓದುತ್ತಿರುವ ಕುಂದಾಪುರದ ಹುಡುಗಹುಡುಗಿಯರಿಗೆ ಭೌತಶಾಸ್ತ್ರವೆಂದರೆ ಮೇಷ್ಟರಿಕೆ ಅಥವಾ ಸಾಫ್ಟ್‌ವೇರ್ ಎಂಬ ಎರಡೇ ದಾರಿ ಕಾಣುತ್ತಿರುವಾಗ, ಮೆಡಿಕಲ್ ಫಿಸಿಕ್ಸ್ ಎಂಬ ಮೂರನೆಯ ದಾರಿಯಿದೆ, ಅದರಲ್ಲಿ ಮನುಷ್ಯರ ಜೀವ ಕಾಯುವ ಕೆಲಸವಿದೆ ಎಂದು ಕಾಲೇಜುಗಳು ಹೇಳಬೇಕು.

ಎಲ್ಲಕ್ಕಿಂತ ಹೆಚ್ಚಾಗಿ, ಪ್ರಯೋಗಕ್ಕೆ ಸೇರುತ್ತೀರಾ ಎಂದು ರೋಗಿಯನ್ನು ಕೇಳುವಾಗ ಕೊಡುವ ಒಪ್ಪಿಗೆ ಪತ್ರದಲ್ಲಿ ಈ ವಿಷಯ ಇರಬೇಕು. ಅಡ್ಡಪರಿಣಾಮ, ವಿಮೆ, ಹಿಂದೆ ಸರಿಯುವ ಹಕ್ಕು ಇವುಗಳನ್ನು ಈಗಲೂ ಬರೆಯುತ್ತಾರೆ. ಅವುಗಳ ಜತೆಗೆ, ನಿಮ್ಮ ಚಿಕಿತ್ಸೆಯ ಪ್ಲಾನನ್ನು ಈ ಆಸ್ಪತ್ರೆಯ ಹೊರಗಿನ ತಜ್ಞರೂ ನೋಡುತ್ತಾರೆಯೇ, ಯಾವಾಗ ನೋಡುತ್ತಾರೆ, ತಪ್ಪು ಕಂಡರೆ ಯಾರು ತಿದ್ದುತ್ತಾರೆ ಎಂಬುದು ಓದಿದ ಕೂಡಲೇ ತಿಳಿಯುವ ಕನ್ನಡದಲ್ಲಿ ಇರಲಿ. ಓದಲು ಬಾರದವರಿಗೆ ಅವರದೇ ಕುಂದಗನ್ನಡದಲ್ಲೋ ತುಳುವಿನಲ್ಲೋ ಹೇಳುವವರಿರಲಿ. ಇದಕ್ಕೆ ಉತ್ತರ ಕೊಡಲಾಗದ ಪ್ರಯೋಗಕ್ಕೆ ಎಥಿಕ್ಸ್ ಸಮಿತಿಗಳು ಒಪ್ಪಿಗೆ ಕೊಡಬಾರದು. ಏಕೆಂದರೆ ರೋಗಿ ಪ್ರಯೋಗಕ್ಕೆ ಒಪ್ಪುವುದು ತನ್ನೊಬ್ಬನ ಲಾಭಕ್ಕಾಗಿಯಷ್ಟೇ ಅಲ್ಲ. ತನ್ನ ನಂತರ ಇದೇ ರೋಗ ಹೊತ್ತು ಬರುವವರಿಗೆ ಒಂದು ಉತ್ತರ ಸಿಗಲಿ ಎಂದೂ ಒಪ್ಪುತ್ತಾನೆ. ಡೋಸ್ ತಪ್ಪಿ, ಗೆರೆ ತಪ್ಪಿ, ಆ ಉತ್ತರವೇ ಸುಳ್ಳಾದರೆ ಅವನು ಕೊಟ್ಟದ್ದು ವ್ಯರ್ಥವಾಗುತ್ತದೆ, ಮುಂದೆ ಬರುವವರಿಗೂ ಮೋಸವಾಗುತ್ತದೆ. ಅದು ಹಾಗಾಗದಂತೆ ತಡೆಯುವವರಿಗೆ ಸಂಬಳ ಕೊಡುವುದು, ಹುದ್ದೆ ಕೊಡುವುದು, ಅವರ ಮಾತಿಗೆ ಪ್ಲಾನ್ ಬದಲಿಸುವಷ್ಟು ತೂಕ ಕೊಡುವುದು ಪ್ರಯೋಗ ನಡೆಸುವ ಪ್ರತಿಯೊಬ್ಬರ ಮೊದಲ ಕರ್ತವ್ಯ.